ಹಣಕ್ಕೂ ಮೊದಲು ನಡಾವಳಿ: ಊರಿನ ಸಂಘಕ್ಕೆ ಪಂಚಾಯಿತಿಯ ನೆರವು ಸಿಗುವ ದಾರಿ

ನಮ್ಮೂರ ಕೆರೆಗೆ ನೀರು ತರುವ ಕಾಲುವೆಯಲ್ಲಿ ಹೂಳು ತುಂಬಿ, ಅದರ ಮೇಲೆ ಲಂಟಾನ ಹಬ್ಬಿ, ಕಾಲುವೆ ಎಲ್ಲಿತ್ತು ಎಂದು ಹಿರಿಯರೇ ಬಂದು ತೋರಿಸಬೇಕಾಗಿತ್ತು. ಹದಿನಾಲ್ಕು ಜನ ಸೇರಿ ನಾಲ್ಕು ಭಾನುವಾರ ಗಿಡಗಂಟಿ ಕಡಿದೆವು. ಆದರೆ ಹೂಳು ತೆಗೆಯುವುದು ಗುದ್ದಲಿ, ಬುಟ್ಟಿಗಳಿಗೆ ಬಗ್ಗುವ ಕೆಲಸವಾಗಿರಲಿಲ್ಲ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು, ಹದಿನಾಲ್ಕೂ ಮಂದಿ ಸಹಿ ಹಾಕಿ ಮಾರ್ಚ್ ತಿಂಗಳ ಎರಡನೇ ವಾರ ಗ್ರಾಮ ಪಂಚಾಯಿತಿ ಕಚೇರಿಗೆ ಹೋದೆವು. ಅಭಿವೃದ್ಧಿ ಅಧಿಕಾರಿ ಅರ್ಜಿಯನ್ನು ಪೂರ್ತಿ ಓದಿದರು. ಒಳ್ಳೆಯ ಕೆಲಸ ಎಂದರು. ಆಮೇಲೆ, "ಕ್ರಿಯಾ ಯೋಜನೆ ಆಗಿಹೋಗಿದೆಯಲ್ಲ, ಈಗ ಬಂದಿದ್ದೀರಿ" ಎಂದರು.

ಅದು ಸಾಗಹಾಕುವ ಮಾತು ಎಂದುಕೊಂಡು ಬೇಸರದಿಂದ ಮನೆಗೆ ಬಂದೆವು. ಆ ಕಚೇರಿಯ ಒಳಹೊರಗು ತಿಳಿದ ಮೇಲೆ ಈಗ ಹೇಳಬಲ್ಲೆ, ಅವರು ಹೇಳಿದ್ದು ಅಕ್ಷರಶಃ ನಿಜ. ಆ ವರ್ಷದ ಹಣ ಯಾವ ಕೆಲಸಕ್ಕೆ ಹೋಗಬೇಕೆಂದು ಅಷ್ಟರಲ್ಲಿ ತೀರ್ಮಾನವಾಗಿತ್ತು, ಪುಸ್ತಕದಲ್ಲಿ ಬರೆದೂ ಆಗಿತ್ತು. ನಮ್ಮ ಹೆಸರು ಅದರಲ್ಲಿರಲಿಲ್ಲ, ಏಕೆಂದರೆ ಬರೆಯುವ ದಿನ ನಾವು ಅಲ್ಲಿರಲಿಲ್ಲ. ಊರಿನ ಕೆಲಸಕ್ಕೆ ಕೈಹಾಕುವ ಯುವಕ ಸಂಘಗಳು, ಮಹಿಳಾ ಗುಂಪುಗಳು, ಕೆರೆ ಸಮಿತಿಗಳು, ಓದುಗರ ಬಳಗಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಅರ್ಜಿ ಬರೆದು ಕೊಟ್ಟರೆ ಸ್ಥಳೀಯ ಸಂಸ್ಥೆ ಹಣ ಕೊಡುತ್ತದೆ, ಇಲ್ಲವೇ ಕೊಡುವುದಿಲ್ಲ ಎಂಬಷ್ಟೇ ನಮಗೆ ಗೊತ್ತಿರುತ್ತದೆ. ವಾಸ್ತವದಲ್ಲಿ ಪಂಚಾಯಿತಿಯ ನೆರವು ಮೊದಲು ಬರುವುದು ಸಭೆಯ ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕದ ಒಂದು ಸಾಲಾಗಿ. ಹಣ, ಜಾಗ, ವಾಹನ, ತರಬೇತಿ ಎಲ್ಲವೂ ಆ ಸಾಲಿನ ಬೆನ್ನಿಗೆ ಬರುವಂಥವು.

ಕರ್ನಾಟಕದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದೇ ವರ್ಷ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಮುಂದೆ ಅದರ ಹೆಸರಿಗೆ 'ಗ್ರಾಮ ಸ್ವರಾಜ್' ಸೇರಿತು. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇದೆ: ಕುಡಿಯುವ ನೀರು, ಸಣ್ಣ ನೀರಾವರಿ, ಗ್ರಂಥಾಲಯ, ಸಾಂಸ್ಕೃತಿಕ ಚಟುವಟಿಕೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಹೀಗೆ. ಊರಿನ ಯಾವ ಸ್ವಯಂಸೇವಾ ಗುಂಪಿನ ಕೆಲಸವನ್ನೇ ತೆಗೆದುಕೊಳ್ಳಿ, ಅದು ಈ ಪಟ್ಟಿಯ ಯಾವುದಾದರೂ ಒಂದು ಬಾಬಿನೊಳಗೆ ಬಂದೇ ಬರುತ್ತದೆ. ಆದ್ದರಿಂದ ನೀವು ಪಂಚಾಯಿತಿಯ ಬಾಗಿಲಿಗೆ ಹೋಗುವುದು ದಾನ ಬೇಡಲು ಅಲ್ಲ, ಅದರದೇ ಕೆಲಸಕ್ಕೆ ಹೆಗಲು ಕೊಡಲು. ಈ ಮಾತನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯುವುದು ಒಳ್ಳೆಯದು.

ಇನ್ನು ಹಣದ ವಿಚಾರ. ಪಂಚಾಯಿತಿಗೆ ಹಣ ಬರುವುದು ಮುಖ್ಯವಾಗಿ ಮೂರು ಕಡೆಯಿಂದ. ಕೇಂದ್ರ ಹಣಕಾಸು ಆಯೋಗದ ಅನುದಾನ ಒಂದು. ರಾಜ್ಯ ಸರ್ಕಾರದ ಅನುದಾನ ಇನ್ನೊಂದು. ಮನೆ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆಯಂಥ ಸ್ವಂತ ಸಂಪನ್ಮೂಲ ಮೂರನೆಯದು. ಒಂದೊಂದಕ್ಕೂ ಒಂದೊಂದು ಕಟ್ಟುಪಾಡು. 15ನೇ ಹಣಕಾಸು ಆಯೋಗದ 2021ರಿಂದ 2026ರವರೆಗಿನ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ, ಅಂದರೆ ಅರ್ಧವನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ, ಉಳಿದರ್ಧವನ್ನು ನೈರ್ಮಲ್ಯಕ್ಕೆ ಮಾತ್ರ ಬಳಸಬೇಕಿತ್ತು. ಮಿಕ್ಕ ಶೇ 40ರಷ್ಟು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು, ಆದರೆ ಸಂಬಳ ಮತ್ತು ಸಿಬ್ಬಂದಿ ವೆಚ್ಚಕ್ಕಲ್ಲ. ಆಯೋಗ ಬದಲಾದಾಗ ಈ ಪ್ರಮಾಣವೂ ಬದಲಾಗಬಹುದು; 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಹಾಗಾಗಿ ಆಯಾ ವರ್ಷದ ಮಾರ್ಗಸೂಚಿಯನ್ನು ಕೇಳಿ ನೋಡಿಯೇ ಮುಂದುವರಿಯಬೇಕು.

ಈ ವಿಂಗಡಣೆ ಒಣ ಲೆಕ್ಕದಂತೆ ಕಾಣಬಹುದು, ಆದರೆ ನಮ್ಮ ಅರ್ಜಿಯ ಹಣೆಬರಹವನ್ನು ಬರೆದದ್ದು ಅದೇ. ನಾವು ವಿಷಯದ ಸಾಲಿನಲ್ಲಿ 'ಕೆರೆ ಸುಂದರೀಕರಣ' ಎಂದು ಬರೆದಿದ್ದೆವು. ಆ ಪದಕ್ಕೆ ಹೊಂದುವ ಬಾಬು ಪಂಚಾಯಿತಿಯಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಊರಿಗೆ ನೀರು ಕೊಡುವ ಕೊಳವೆಬಾವಿ ಆ ಕೆರೆಯ ಕೆಳಗೇ ಇದೆ. ಕೆರೆ ಬತ್ತಿದ ವರ್ಷ ಬಾವಿಯೂ ಸೋಲುತ್ತದೆ. ಅದು ಕುಡಿಯುವ ನೀರಿನ ಕೆಲಸ, ಮಳೆನೀರು ಹಿಡಿದಿಡುವ ಕೆಲಸ. ನಿಜವಾದ ಕಾರಣ ನಮ್ಮ ಕೈಯಲ್ಲೇ ಇತ್ತು, ಬರೆದದ್ದು ಮಾತ್ರ ಬೇರೆ.

ಅದಕ್ಕಿಂತ ಮೊದಲೇ ಕೇಳಬೇಕಿದ್ದ ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಿರಲಿಲ್ಲ: ಕೆರೆ ಯಾರದು? ನಮ್ಮ ರಾಜ್ಯದಲ್ಲಿ 40 ಹೆಕ್ಟೇರ್‌ಗಿಂತ ಹೆಚ್ಚು, 2000 ಹೆಕ್ಟೇರ್‌ವರೆಗಿನ ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರಿದವು; ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳಿಗೆ. ಇಲಾಖೆಯ ಕೆರೆಗೆ ಪಂಚಾಯಿತಿಯ ಹಣ ಕೇಳಿದರೆ ಕಡತ ಎರಡು ಕಚೇರಿಗಳ ನಡುವೆ ಓಡಾಡುತ್ತಲೇ ಇರುತ್ತದೆ. ಶಾಲೆಯ ಆಟದ ಮೈದಾನ, ದೇವಸ್ಥಾನದ ಕಲ್ಯಾಣಿ, ಸ್ಮಶಾನದ ಜಾಗ ಎಲ್ಲಕ್ಕೂ ಇದೇ ಮಾತು. ಪಹಣಿ ತೆಗೆಸಿ ನೋಡುವುದು ಅರ್ಧ ದಿನದ ಕೆಲಸ, ಉಳಿಯುವುದು ಒಂದು ವರ್ಷ.

ಈಗ ಕಾಲದ ಲೆಕ್ಕಕ್ಕೆ ಬರೋಣ, ಏಕೆಂದರೆ ಎಲ್ಲ ತಿಳಿವಳಿಕೆಗಿಂತ ಹೆಚ್ಚು ಉಪಕಾರ ಮಾಡುವುದು ಇದೇ. ಪಂಚಾಯಿತಿಯ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರು. ಆದರೆ ಆ ವರ್ಷದ ಯೋಜನೆ ಕುದುರುವುದು ಅದಕ್ಕೂ ಆರು ತಿಂಗಳು ಮೊದಲು. 2018ರಿಂದ ದೇಶದಾದ್ಯಂತ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿಸಲು ಜನರ ಯೋಜನಾ ಅಭಿಯಾನ ನಡೆಯುತ್ತಿದೆ. ಅಕ್ಟೋಬರ್ 2ರಂದು ಆರಂಭವಾಗಿ ಜನವರಿ ಕೊನೆಯವರೆಗೆ ನಡೆಯುವುದು ಅದರ ವಾಡಿಕೆ. ನಮ್ಮಲ್ಲಿ ಇದಕ್ಕೆ 'ನಮ್ಮ ಗ್ರಾಮ ನಮ್ಮ ಯೋಜನೆ' ಎಂಬ ಹೆಸರೂ ಇದೆ. ಈ ತಿಂಗಳುಗಳಲ್ಲಿ ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮ ಸಭೆ ಹೀಗೆ ಕೆಳಗಿನಿಂದ ಮೇಲಕ್ಕೆ ಬೇಡಿಕೆಗಳು ಏರಿ ಬರುತ್ತವೆ. ಗ್ರಾಮ ಸಭೆ ಆದ್ಯತೆ ಗೊತ್ತುಮಾಡುತ್ತದೆ. ಪಂಚಾಯಿತಿಯ ಸಾಮಾನ್ಯ ಸಭೆ ಅದನ್ನು ಕ್ರಿಯಾ ಯೋಜನೆಗೆ ಇಳಿಸುತ್ತದೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬಜೆಟ್. ಅನುಮೋದನೆಗೊಂಡ ಯೋಜನೆ ಇ-ಗ್ರಾಮ ಸ್ವರಾಜ್ ಜಾಲತಾಣಕ್ಕೆ ಏರಿದ ಮೇಲೆ ಹೊಸ ಕೆಲಸ ಸೇರಿಸುವುದು ಬಲು ಕಷ್ಟ. ಮಾರ್ಚ್ ಎರಡನೇ ವಾರದಲ್ಲಿ ಹೋದ ನಾವು, ಬಸ್ ಹೊರಟ ಮೇಲೆ ನಿಲ್ದಾಣಕ್ಕೆ ಬಂದವರು.

ಒಂದು ಗುಂಪು ನಿಜಕ್ಕೂ ಕೆಲಸಕ್ಕೆ ಕೂರಬೇಕಾದ ತಿಂಗಳು ಆಗಸ್ಟ್. ಆಗ ವಾರ್ಡ್ ಸದಸ್ಯರನ್ನು, ಆಡಳಿತ ಪಕ್ಷ ವಿರೋಧ ಪಕ್ಷ ಎನ್ನದೆ ಎಲ್ಲರನ್ನೂ ಕಂಡು ಮಾತನಾಡಬೇಕು. ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಆದರೆ ಊರಿನಲ್ಲಿ ಯಾರು ಯಾರ ಕಡೆ ಎಂಬುದು ಎಲ್ಲರಿಗೂ ಗೊತ್ತು. ಒಬ್ಬ ಸದಸ್ಯರ ಗುಂಪು ಎಂಬ ಹೆಸರು ಒಮ್ಮೆ ಅಂಟಿದರೆ, ಆ ಸದಸ್ಯರು ಸೋತ ದಿನ ನಿಮ್ಮ ಕೆಲಸವೂ ನಿಲ್ಲುತ್ತದೆ. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿದ್ದಾಗ ಹೊಸ ಕಾಮಗಾರಿ ಶುರು ಮಾಡಲು ಆಗುವುದಿಲ್ಲ ಎಂಬುದನ್ನೂ ದಿನಗಳ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಗ್ರಾಮ ಸಭೆಯ ದಿನ ಏನಾಗುತ್ತದೆ ಎಂದು ಹತ್ತಿರದಿಂದ ಹೇಳುತ್ತೇನೆ. ಶಾಲೆಯ ಆವರಣದಲ್ಲಿ ಶಾಮಿಯಾನ, ಎದುರಿಗೆ ಮೇಜು, ಒಂದು ಧ್ವನಿವರ್ಧಕ. ಪಂಚಾಯಿತಿಯ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಕೋರಂ. ಮೊದಲ ಒಂದು ಗಂಟೆ ಮನೆ ಹಂಚಿಕೆ, ಪಿಂಚಣಿ, ಬೀದಿದೀಪದ ಮಾತಿನಲ್ಲೇ ಹೋಗುತ್ತದೆ. ಅದು ನ್ಯಾಯವೇ, ಮನೆಯಿಲ್ಲದವರ ಮಾತು ಮೊದಲು ಬರಬೇಕು. ಆಮೇಲೆ ಒಬ್ಬೊಬ್ಬರು ಎದ್ದು ಬೇಡಿಕೆ ಹೇಳುತ್ತಾರೆ. ಮೇಜಿನ ತುದಿಯಲ್ಲಿ ಕುಳಿತ ಸಿಬ್ಬಂದಿ ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುತ್ತಾರೆ. ಇಡೀ ಸಭೆಯಲ್ಲಿ ನಿಮ್ಮ ಕಣ್ಣು ನೆಡಬೇಕಾದದ್ದು ಆ ಪುಸ್ತಕದ ಮೇಲೆ. ಗಟ್ಟಿಯಾಗಿ ಮಾತನಾಡಿ, ಚಪ್ಪಾಳೆ ಗಿಟ್ಟಿಸಿ ಮನೆಗೆ ಹೋದವರ ಬೇಡಿಕೆ ಪುಸ್ತಕಕ್ಕೆ ಇಳಿಯದೇ ಹೋದದ್ದನ್ನು ನಾನು ನೋಡಿದ್ದೇನೆ. ಮೆಲುದನಿಯ ಒಬ್ಬ ಹೆಂಗಸು ಸಭೆ ಮುಗಿದ ಮೇಲೂ ನಿಂತು, "ನಮ್ಮ ವಿಷಯ ಏನೆಂದು ಬರೆದಿರಿ, ಓದಿ ಹೇಳಿ" ಎಂದು ಕೇಳಿದರು. ಸಿಬ್ಬಂದಿ ಓದಿದರು. ಅಂಗನವಾಡಿಯ ಹೆಸರು ತಪ್ಪಾಗಿತ್ತು. ಅಲ್ಲಿಯೇ ತಿದ್ದಿಸಿದರು. ಆ ಅಂಗನವಾಡಿಗೆ ಕಾಂಪೌಂಡ್ ಬಂತು. ಅವರಿಂದ ನಾನು ಕಲಿತದ್ದು ಬೇರೆ ಯಾವ ತರಬೇತಿಯಲ್ಲೂ ಕಲಿತಿಲ್ಲ.

ಆದರೆ ಎಲ್ಲ ಗುಂಪುಗಳಿಗೂ ದಾರಿ ಒಂದೇ ಅಲ್ಲ. ಕಾನೂನು ಅಥವಾ ಯೋಜನೆಯೇ ಹುಟ್ಟುಹಾಕಿದ ಸಮಿತಿಗಳು ಒಂದು ಬಗೆ. ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂಥದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇನ್ನೊಂದು. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿಯ ಅವಕಾಶವಿದೆ. ಚಿಕ್ಕ ಮೊತ್ತವೇ, ಆದರೆ ಊರಿನವರೇ ಕೂತು ತೀರ್ಮಾನಿಸಿ ಖರ್ಚು ಮಾಡಬಹುದಾದ ಮೊತ್ತ. ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಬಂದ ಮೇಲೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗೆ ತೂಕ ಬಂದಿದೆ: 10ರಿಂದ 15 ಸದಸ್ಯರು, ಅರ್ಧದಷ್ಟು ಮಹಿಳೆಯರು. ಊರೊಳಗಿನ ನೀರಿನ ಕಾಮಗಾರಿಯ ವೆಚ್ಚದಲ್ಲಿ ಸಮುದಾಯದ ವಂತಿಕೆ ಶೇ 10, ಗುಡ್ಡಗಾಡು ಮತ್ತು ಅರಣ್ಯ ಪ್ರದೇಶಗಳಲ್ಲಿ ಹಾಗೂ ಪರಿಶಿಷ್ಟರೇ ಹೆಚ್ಚಿರುವ ಹಳ್ಳಿಗಳಲ್ಲಿ ಶೇ 5. ಅದನ್ನು ದುಡ್ಡಿನಲ್ಲೇ ಕೊಡಬೇಕೆಂದಿಲ್ಲ, ದುಡಿಮೆಯ ರೂಪದಲ್ಲೂ ಕೊಡಬಹುದು. ಶ್ರಮದಾನಕ್ಕೆ ಬೆಲೆ ಕಟ್ಟಿ ಲೆಕ್ಕಕ್ಕೆ ಹಿಡಿಯುವ ಈ ಪದ್ಧತಿ ನನಗೆ ತುಂಬಾ ಹಿಡಿಸಿದೆ.

ಇಂಥ ಸಮಿತಿಗಳು ಎಷ್ಟೋ ಊರುಗಳಲ್ಲಿ ಕಾಗದದ ಮೇಲೆ ಮಾತ್ರ ಇರುತ್ತವೆ. ಹೊಸ ಸಂಘ ಕಟ್ಟುವ ಮೊದಲು, ನಿಮ್ಮ ಕೆಲಸಕ್ಕೆ ಹೊಂದುವ ಸಮಿತಿ ಊರಲ್ಲಿ ಈಗಾಗಲೇ ಇದೆಯೇ, ಅದರಲ್ಲಿ ಖಾಲಿ ಸ್ಥಾನ ಇದೆಯೇ ಎಂದು ವಿಚಾರಿಸಿ. ಮಲಗಿರುವ ಸಮಿತಿಯನ್ನು ಎಬ್ಬಿಸುವುದು ಹೊಸದನ್ನು ಹುಟ್ಟಿಸುವುದಕ್ಕಿಂತ ಸುಲಭ. ಅದಕ್ಕೆ ಬ್ಯಾಂಕ್ ಖಾತೆ, ಕಾನೂನಿನ ಮಾನ್ಯತೆ ಎರಡೂ ಮೊದಲೇ ಇರುತ್ತವೆ.

ಎರಡನೆಯ ಬಗೆ ಸ್ವಸಹಾಯ ಸಂಘಗಳು. ಇವುಗಳ ಚರಿತ್ರೆಯ ದೊಡ್ಡ ಪಾಲು ನಮ್ಮ ನೆಲದ್ದೇ. 1968ರಲ್ಲಿ ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿದ ಮೈರಾಡ ಸಂಸ್ಥೆ, ಎಂಬತ್ತರ ದಶಕದಲ್ಲಿ ಹಳ್ಳಿಯ ಬಡವರ ಸಣ್ಣ ಸಾಲ ನಿರ್ವಹಣಾ ಗುಂಪುಗಳನ್ನು ಬೆಳೆಸಿತು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. ಅಲ್ಲಿ ಕಂಡ ಫಲದ ಬಲದಿಂದ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಮುಂದೆ 2000-01ರಲ್ಲಿ ರಾಜ್ಯ ಸರ್ಕಾರ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸ್ತ್ರೀಶಕ್ತಿ ಗುಂಪುಗಳನ್ನು ಕಟ್ಟಿತು. 2011ರ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಕರ್ನಾಟಕದಲ್ಲಿ 'ಸಂಜೀವಿನಿ' ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಹತ್ತರಿಂದ ಇಪ್ಪತ್ತು ಮಹಿಳೆಯರ ಗುಂಪು, ಗುಂಪುಗಳು ಸೇರಿ ಪಂಚಾಯಿತಿ ಮಟ್ಟದ ಒಕ್ಕೂಟ. ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ಬರವಣಿಗೆ ಎಂಬ ಪಂಚಸೂತ್ರ ಪಾಲಿಸಿದ ಗುಂಪಿಗೆ ಸುತ್ತುನಿಧಿ ಸಿಗುತ್ತದೆ, ಒಕ್ಕೂಟದ ಮೂಲಕ ಸಮುದಾಯ ಬಂಡವಾಳ ನಿಧಿ ಬರುತ್ತದೆ, ಬ್ಯಾಂಕಿನಿಂದ 20 ಲಕ್ಷ ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಪಡೆಯಬಹುದು.

ಒಕ್ಕೂಟಕ್ಕೆ ಇನ್ನೊಂದು ಶಕ್ತಿ ಇದೆ, ಅದನ್ನು ಬಳಸುವವರು ಕಡಿಮೆ. ಊರಿನ ಕಡುಬಡವರ ಅಗತ್ಯಗಳನ್ನು ಪಟ್ಟಿ ಮಾಡಿ 'ಗ್ರಾಮ ಬಡತನ ನಿವಾರಣಾ ಯೋಜನೆ' ತಯಾರಿಸಿ ಗ್ರಾಮ ಸಭೆಯ ಮುಂದಿಡುವ ಅವಕಾಶ ಅದಕ್ಕಿದೆ. ಪಂಚಾಯಿತಿಯ ಯೋಜನೆಯೊಳಗೆ ಅದು ಸೇರಬೇಕು. ನಿಮ್ಮ ಕೆರೆ ಸಮಿತಿ, ಓದುಗರ ಬಳಗ ಎಷ್ಟೇ ಉತ್ಸಾಹದ್ದಿರಲಿ, ಒಕ್ಕೂಟದ ಹೆಂಗಸರ ಬೆಂಬಲವಿಲ್ಲದೆ ಗ್ರಾಮ ಸಭೆಗೆ ಹೋಗಬೇಡಿ. ಸಭೆಯಲ್ಲಿ ತಲೆ ಎಣಿಸಿದರೂ ಅವರೇ ಹೆಚ್ಚು, ಮುಂದಿನ ಹತ್ತು ವರ್ಷ ಆ ಕೆಲಸ ಉಳಿಯುತ್ತದೆಯೇ ಎಂದು ಗೊತ್ತುಮಾಡುವವರೂ ಅವರೇ.

ಹಣ ಕೊಡುವುದಕ್ಕಿಂತ ಕೆಲಸ ವಹಿಸುವುದು ಹೆಚ್ಚು ಗಟ್ಟಿಯಾದ ನೆರವು ಎಂಬುದಕ್ಕೆ ಕಸದ ಗಾಡಿಯೇ ಸಾಕ್ಷಿ. ರಾಜ್ಯದ ಹಲವು ಪಂಚಾಯಿತಿಗಳು ಒಣಕಸ ಸಂಗ್ರಹಣೆಯನ್ನು ಒಕ್ಕೂಟಗಳಿಗೆ ಒಡಂಬಡಿಕೆಯ ಮೂಲಕ ಒಪ್ಪಿಸಿವೆ. 'ಸ್ವಚ್ಛ ವಾಹಿನಿ' ವಾಹನ ಪಂಚಾಯಿತಿಯದು. ಓಡಿಸುವವರು ಚಾಲನಾ ತರಬೇತಿ ಪಡೆದ ಗುಂಪಿನ ಮಹಿಳೆಯರು. ಉಡುಪಿ ಜಿಲ್ಲೆಯ ವಂಡ್ಸೆ ಪಂಚಾಯಿತಿಯ ತ್ಯಾಜ್ಯ ಘಟಕದ ಹೆಸರು ಈ ಕೆಲಸದಲ್ಲಿ ಮೊದಮೊದಲು ಕೇಳಿಬಂದವುಗಳಲ್ಲಿ ಒಂದು. ಇಂಥ ಒಡಂಬಡಿಕೆಗೆ ಸಹಿ ಹಾಕುವ ಮೊದಲು ಕೆಲವು ಮಾತು ಬರವಣಿಗೆಯಲ್ಲಿ ಇರಲೇಬೇಕು: ವಾಹನ ಕೆಟ್ಟರೆ ರಿಪೇರಿ ಯಾರ ಖರ್ಚು, ಮನೆಗಳಿಂದ ಶುಲ್ಕ ವಸೂಲಿಯಾಗದ ತಿಂಗಳು ಸಂಬಳ ಎಲ್ಲಿಂದ, ಅಪಘಾತವಾದರೆ ವಿಮೆ ಯಾರದು, ಒಡಂಬಡಿಕೆ ಮುಗಿಯುವುದು ಯಾವಾಗ. ಸೇವಾಭಾವದ ಹೆಸರಿನಲ್ಲಿ ಹೆಂಗಸರಿಂದ ತಿಂಗಳುಗಟ್ಟಲೆ ಬಿಟ್ಟಿ ಕೆಲಸ ಮಾಡಿಸುವುದನ್ನು ನಾನು ಒಪ್ಪಲಾರೆ. ಸ್ವಯಂಸೇವೆ ಎಂದರೆ ತಾವಾಗಿ ಕೊಟ್ಟದ್ದು. ಕೂಲಿ ಕೊಡಬೇಕಾದ ಕಡೆ ಕೊಡದಿರುವುದಕ್ಕೆ ಆ ಹೆಸರು ಸಲ್ಲದು.

ಮೂರನೆಯ ಬಗೆ, ನಮ್ಮಂಥ ಬಿಡಿ ಗುಂಪುಗಳು. ನೋಂದಣಿ ಮಾಡಿಸಬೇಕೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿ ಕನಿಷ್ಠ ಏಳು ಮಂದಿ ಸೇರಿ ಸಂಘ ನೋಂದಾಯಿಸಬಹುದು. ಧ್ಯೇಯೋದ್ದೇಶ, ಬೈಲಾ, ಪದಾಧಿಕಾರಿಗಳ ಪಟ್ಟಿ, ವಿಳಾಸದ ದಾಖಲೆ ಬೇಕು. ಆಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್, ಇಬ್ಬರ ಜಂಟಿ ಸಹಿಯ ಬ್ಯಾಂಕ್ ಖಾತೆ. ಅಲ್ಲಿಗೆ ಮುಗಿಯಿತು ಎಂದುಕೊಂಡವರೇ ಹೆಚ್ಚು, ತೊಂದರೆಗೆ ಸಿಕ್ಕಿಬೀಳುವವರೂ ಅವರೇ. ಪ್ರತಿ ವರ್ಷ ಮಹಾಸಭೆ ನಡೆಸಿ, ಲೆಕ್ಕ ತಪಾಸಣೆ ಮಾಡಿಸಿ, ಪದಾಧಿಕಾರಿಗಳ ಪಟ್ಟಿ ಮತ್ತು ಆಸ್ತಿ-ಹೊಣೆ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಐದಾರು ವರ್ಷ ಸಲ್ಲಿಸದೆ ಬಿಟ್ಟು, ಅನುದಾನದ ಅವಕಾಶ ಬಂದ ದಿನ ದಂಡ ಕಟ್ಟಲು ಓಡುವ ಸಂಘಗಳನ್ನು ಯಾವ ತಾಲ್ಲೂಕಿನಲ್ಲಾದರೂ ಕಾಣಬಹುದು.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು: ವರ್ಷಕ್ಕೆ ನಾಲ್ಕು ಬಾರಿ ಸೇರಿ ಗಿಡ ನೆಡುವ ಗುಂಪಿಗೆ ನೋಂದಣಿ ಹೊರೆಯೇ ಸರಿ. ಒಂದು ಹೆಸರು, ಒಂದು ಪುಸ್ತಕ, ತಿಂಗಳಿಗೊಂದು ಸಭೆ ಸಾಕು. ಹೊರಗಿನ ಹಣ ಸಂಘದ ಖಾತೆಗೇ ಬರಬೇಕಾದಾಗ ಮಾತ್ರ ನೋಂದಣಿಗೆ ಹೋಗಿ. ಉದಾಹರಣೆಗೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಿತಿ ದಾಟಿದ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಆದರೆ ಆ ಹಣ ಪಡೆದು ಕೆಲಸ ನಡೆಸುವ ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿಗೆ ಸಂಬಂಧಿಸಿದ 12ಎ ಮತ್ತು 80ಜಿ ನೋಂದಣಿ, ಮೂರು ವರ್ಷದ ಅನುಭವ ಬೇಕು. 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಪ್ರತ್ಯೇಕ ನೋಂದಣಿಯೂ ಕಡ್ಡಾಯ. ಸಣ್ಣ ಗುಂಪಿಗೆ ಇದು ಏರಲಾಗದ ಮೆಟ್ಟಿಲು. ಆಗ ಈ ಅರ್ಹತೆ ಇರುವ ಸಂಸ್ಥೆಯ ಜೊತೆ ಸೇರಿ ಕೆಲಸ ಮಾಡುವುದು ಮೇಲು, ಅದು ಕೂಡ ಬರವಣಿಗೆಯ ಒಪ್ಪಂದದ ಮೇಲೆ.

ನಗರಗಳಲ್ಲಿ ಚೌಕಟ್ಟು ಬೇರೆ, ಒಳತಿರುಳು ಇದೇ. 74ನೇ ತಿದ್ದುಪಡಿ, ಹನ್ನೆರಡನೇ ಅನುಸೂಚಿಯ 18 ವಿಷಯಗಳು, ಗ್ರಾಮ ಸಭೆಯ ಜಾಗದಲ್ಲಿ ವಾರ್ಡ್ ಸಮಿತಿ. ನಗರ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲಿಡುವ ಪದ್ಧತಿ ಇದೆ. ಈ ಸಮುದಾಯಗಳ ನಡುವೆ ಕೆಲಸ ಮಾಡುವ ಗುಂಪುಗಳು ಆ ಮೀಸಲು ನಿಧಿಯ ಕ್ರಿಯಾ ಯೋಜನೆ ಯಾವಾಗ ಆಗುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ತರಬೇತಿಯ ಮಾತಿಗೆ ಮೈಸೂರಿನಿಂದಲೇ ತೊಡಗಬೇಕು. ಅಲ್ಲಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿದೆ. ಎಂಬತ್ತರ ದಶಕದಲ್ಲಿ ಪಂಚಾಯತ್ ರಾಜ್ ಸಚಿವರಾಗಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಅಧಿಕಾರ ಕೆಳಗಿಳಿಯಬೇಕು ಎಂದು ದುಡಿದವರ ಹೆಸರನ್ನು ತರಬೇತಿ ಸಂಸ್ಥೆಗೆ ಇಟ್ಟದ್ದು ಉಚಿತವಾಗಿದೆ. ಅದರ ತರಬೇತಿಗಳು ಹೆಚ್ಚಾಗಿ ಚುನಾಯಿತ ಸದಸ್ಯರಿಗೆ ಮತ್ತು ಸಿಬ್ಬಂದಿಗೆ. ಆದರೂ ತಾಲ್ಲೂಕು ಪಂಚಾಯಿತಿಯಲ್ಲಿ ನಡೆಯುವ ತರಬೇತಿಗಳಲ್ಲಿ ಸಮಿತಿ ಸದಸ್ಯರಿಗೆ, ಗುಂಪುಗಳ ಪ್ರತಿನಿಧಿಗಳಿಗೆ ಜಾಗ ಸಿಗುವುದುಂಟು. ಯಾರೂ ಕರೆದು ಕೂರಿಸುವುದಿಲ್ಲ. ನಮ್ಮ ಗುಂಪಿನಿಂದ ಇಬ್ಬರನ್ನು ಕಳುಹಿಸಿ ಎಂದು ಅಭಿವೃದ್ಧಿ ಅಧಿಕಾರಿಗೆ ಪತ್ರ ಕೊಟ್ಟಿಟ್ಟರೆ ನೆನಪಿರುತ್ತದೆ.

ದುಡಿಮೆಯ ಕೌಶಲಕ್ಕೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ಆರಂಭವಾದ ರುಡ್‌ಸೆಟ್ ಸಂಸ್ಥೆಯೇ ಮುಂದೆ ದೇಶದ ಜಿಲ್ಲೆಜಿಲ್ಲೆಗಳಲ್ಲಿ ತೆರೆದ ಇಂಥ ಕೇಂದ್ರಗಳಿಗೆ ಮಾದರಿಯಾಯಿತು. ಊಟ, ವಸತಿ ಸಹಿತ ಉಚಿತ ತರಬೇತಿ. ನೀರಿನ ಗುಣಮಟ್ಟ ಪರೀಕ್ಷಿಸಲು ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ತರಬೇತಿ ಕೊಡುವ ಏರ್ಪಾಡು ಜಲ ಜೀವನ್ ಮಿಷನ್‌ನಲ್ಲಿದೆ. ನಿಮ್ಮ ಊರಿನ ಆ ಐವರು ಯಾರು ಎಂದು ಕೇಳಿ ನೋಡಿ.

ಇಷ್ಟೆಲ್ಲ ಇದ್ದರೂ, ಒಂದೇ ಒಂದು ತರಬೇತಿ ಆರಿಸಿಕೋ ಎಂದರೆ ನಾನು ಲೆಕ್ಕ ಬರೆಯುವುದನ್ನೇ ಆರಿಸಿಕೊಳ್ಳುತ್ತೇನೆ. ಸಂಜೀವಿನಿ ಒಕ್ಕೂಟದಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿ ಇರುತ್ತಾರೆ. ಎಲ್ಲರೂ ಎಂಬಿಕೆ ಎನ್ನುತ್ತಾರೆ. ನಮ್ಮ ಊರಿನ ಎಂಬಿಕೆ ಒಂದು ಸಂಜೆ ನಮ್ಮ ಗುಂಪಿಗೆ ನಗದು ಪುಸ್ತಕ ಬರೆಯಲು ಹೇಳಿಕೊಟ್ಟರು. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಪ್ರತಿ ಖರ್ಚಿನ ಎದುರು ಚೀಟಿಯ ಸಂಖ್ಯೆ. ಚೀಟಿ ಇಲ್ಲದ ಖರ್ಚಿಗೆ, ಅಂದರೆ ಆಟೊ ಬಾಡಿಗೆ, ಚಹಾ ಇಂಥವಕ್ಕೆ, ಹಣ ಪಡೆದವರ ಸಹಿಯಿರುವ ಬಿಳಿ ಹಾಳೆ. ದಿನದ ಕೊನೆಗೆ ಉಳಿಕೆ ಎಣಿಸಿ ಇಬ್ಬರ ಸಹಿ. "ತಪ್ಪಾದರೆ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆದು ಸಹಿ ಹಾಕಿ. ಅಳಿಸಿದ ಲೆಕ್ಕವನ್ನು ಯಾರೂ ನಂಬುವುದಿಲ್ಲ" ಎಂದರು. ಆ ವರೆಗೆ ನಮ್ಮ ವಂತಿಕೆಯ ಲೆಕ್ಕ ಒಬ್ಬರ ಮೊಬೈಲ್‌ನಲ್ಲಿತ್ತು. ಅವರು ಪ್ರಾಮಾಣಿಕರೇ, ಆದರೆ ಅದನ್ನು ತೋರಿಸಿಕೊಡಲು ಅವರ ಬಳಿ ಏನೂ ಇರಲಿಲ್ಲ. ಊರುಗಳಲ್ಲಿ ಒಳ್ಳೆಯ ಗುಂಪುಗಳು ಒಡೆಯುವುದು ಕಳ್ಳತನದಿಂದಲ್ಲ, ಅನುಮಾನದಿಂದ.

ಹಣ ಬಂದು ಕೆಲಸ ಮುಗಿದ ಮೇಲೆ ಬಳಕೆ ಪ್ರಮಾಣಪತ್ರ, ಕೆಲಸಕ್ಕೆ ಮೊದಲು, ನಡುವೆ ಮತ್ತು ನಂತರ ಎಂದು ಮೂರು ಹಂತದ ಚಿತ್ರಗಳು, ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದ ಅಳತೆ ಇವೆಲ್ಲ ಬೇಕಾಗುತ್ತವೆ. ಪ್ರಮಾಣಪತ್ರ ತಡವಾದರೆ ಮುಂದಿನ ಕಂತು ನಿಲ್ಲುತ್ತದೆ. ಪಂಚಾಯಿತಿಯ ಕಡೆಯಿಂದಲೇ ತಡವಾದರೆ ಮಾಹಿತಿ ಹಕ್ಕು ಕಾಯ್ದೆ ಇದ್ದೇ ಇದೆ. 30 ದಿನದೊಳಗೆ ಉತ್ತರ ಕೊಡಬೇಕು. ಅದನ್ನು ಬಳಸಲು ಹಿಂಜರಿಯಬೇಕಿಲ್ಲ, ಆದರೆ ಮೊದಲು ಎದುರು ಕುಳಿತು ಕಡತ ತೋರಿಸಿ ಎಂದು ಕೇಳುವುದು ನನ್ನ ರೂಢಿ. ಒಂದೆರಡು ಸಿಬ್ಬಂದಿಯ ಮೇಲೆ ನೂರಾರು ಕಡತಗಳ ಭಾರವಿರುವ ಕಚೇರಿ ಅದು. ಎಷ್ಟೋ ಸಲ ಕಾಗದ ಕಳೆದಿರುತ್ತದೆ, ಅಷ್ಟೇ. ನಿಮ್ಮ ಬಳಿ ಸ್ವೀಕೃತಿ ಮುದ್ರೆ ಒತ್ತಿದ ಪ್ರತಿ ಇದ್ದರೆ ಐದು ನಿಮಿಷದಲ್ಲಿ ಮುಗಿಯುವ ವಿಷಯ.

ನಮ್ಮ ಎರಡನೇ ಅರ್ಜಿ ಸೆಪ್ಟೆಂಬರ್‌ನಲ್ಲಿ ಹೋಯಿತು. ಮೊದಲನೆಯದು ಎರಡು ಪುಟ ಇತ್ತು, ಇದು ಅರ್ಧ ಪುಟ. ವಿಷಯ: ಕುಡಿಯುವ ನೀರಿನ ಕೊಳವೆಬಾವಿಗೆ ಜಲ ಮರುಪೂರಣಕ್ಕಾಗಿ ಕೆರೆಯ ಪೋಷಕ ಕಾಲುವೆಯ ಹೂಳು ತೆಗೆಯುವುದು. ಕೆಳಗೆ ಸರ್ವೆ ನಂಬರ್, ಕೆರೆ ಪಂಚಾಯಿತಿಯದು ಎಂಬುದಕ್ಕೆ ಪಹಣಿ, ಹಗ್ಗ ಹಿಡಿದು ನಾವೇ ಅಳೆದ ಕಾಲುವೆಯ ಉದ್ದ, ಗುಂಪಿನವರು ಕೊಡುವ ಶ್ರಮದಾನದ ದಿನಗಳು, ಮಹಿಳಾ ಒಕ್ಕೂಟದ ಬೆಂಬಲ ಪತ್ರ. ವಾರ್ಡ್ ಸಭೆಯಲ್ಲಿ ಓದಿದೆವು, ಗ್ರಾಮ ಸಭೆಯಲ್ಲಿ ಒಕ್ಕೂಟದ ಅಧ್ಯಕ್ಷೆ ಅನುಮೋದಿಸಿದರು. ಸಭೆ ಮುಗಿದ ಮೇಲೆ ಮೇಜಿನ ಬಳಿ ನಿಂತು, ಬರೆದದ್ದನ್ನು ಓದಿಸಿ ಕೇಳಿದೆವು.

ಕ್ರಿಯಾ ಯೋಜನೆಯಲ್ಲಿ ಕಾಲುವೆಯ ಅರ್ಧ ಉದ್ದಕ್ಕೆ ಮಾತ್ರ ಹಣ ಇಟ್ಟರು. ಏಪ್ರಿಲ್, ಮೇ ತಿಂಗಳಲ್ಲಿ ಆ ಕೆಲಸ ಮುಗಿಯಿತು. ದಡದ ಬದು ಕಟ್ಟಿದ್ದು ನಾವು. ಉಳಿದರ್ಧ ಮುಂದಿನ ವರ್ಷದ ಪಟ್ಟಿಯಲ್ಲಿದೆ. ಅದರ ಠರಾವಿನ ಸಂಖ್ಯೆ, ದಿನಾಂಕ ಎರಡನ್ನೂ ನಮ್ಮ ನಗದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇವೆ.